ಮೇಜಿನ ಕೆಳಗಿನ ದೂರು ಕಚೇರಿ

ನಮ್ಮ ಅಕ್ಕನಿಗೆ ಆರನೇ ವಯಸ್ಸಿಗೇ ಕಚೇರಿ ಕೆಲಸ ಸಿಕ್ಕಿತ್ತು. ಕೊಟ್ಟುಕೊಂಡವಳು ಅವಳೇ. ಊಟದ ಮೇಜಿಗೆ ಹಳೇ ಚಾದರ ಇಳಿಬಿಟ್ಟು, ಅಪ್ಪನ ಖಾಲಿ ಶೂ ಡಬ್ಬಿ ಮುಂದಿಟ್ಟುಕೊಂಡು, ಮೇಜಿನ ಕೆಳಗೆ ‘ದೂರು ಕಚೇರಿ’ ತೆರೆದುಬಿಟ್ಟಳು. ಅವಳು ಸಾಹೇಬರು. ನಾಲ್ಕು ವರ್ಷದ ತಂಗಿ ನಾನು ಜವಾನ. ಬಡ್ತಿ ಕೊಡೇ ಎಂದು ಎಷ್ಟು ಗೋಗರೆದರೂ ಪುಣ್ಯಾತ್ಗಿತ್ತಿ ಜಪ್ಪಯ್ಯ ಎನ್ನಲಿಲ್ಲ.

ಕಚೇರಿಗೆ ಎರಡೇ ನಿಯಮ. ದೂರು ಕೊಡುವವರು ಮನೆಯ ವಸ್ತುಗಳು ಮಾತ್ರ, ಮನುಷ್ಯರಲ್ಲ. ಬಂದ ದೂರನ್ನು ಆಗಲ್ಲ ಎನ್ನುವಂತಿಲ್ಲ. ವಸ್ತುಗಳಿಗೆ ಬಾಯಿಲ್ಲವಲ್ಲ, ಅವುಗಳ ಪರವಾಗಿ ಜವಾನ ಮಾತಾಡಬೇಕು.

“ಸಾಹೇಬ್ರೇ, ಸೌಟು ಬಂದಿದೆ. ದಿನಾ ಕುದಿಯೋದ್ರಲ್ಲೇ ಅದ್ದುತ್ತಾರಂತೆ.”

“ಪಾಪ! ಮೂರು ದಿನ ರಜೆ. ಮುಂದಿನವರು ಯಾರು?”

ಸೌಟು ಮೂರು ದಿನ ಅಕ್ಕನ ದಿಂಬಿನಡಿ ರಜೆ ಕಳೆಯಿತು. ಅಮ್ಮ ಮನೆಯೆಲ್ಲ ಜಾಲಾಡಿ, ಕೊನೆಗೆ ಹಿಂಡಿದ್ದು ನನ್ನ ಕಿವಿ. ಅದನ್ನು ನೆನೆದರೆ ಈಗಲೂ ನನಗೆ ಹೊಟ್ಟೆ ಉರಿಯುತ್ತದೆ.

“ಈ ಹುಡುಗಿ ಚಮಚದ ಜೊತೆ ಮಾತಾಡ್ತಾಳಲ್ಲೇ, ತಲೆ ಸರಿ ಇದೆಯಾ?” ಎಂದು ಚಿಕ್ಕಮ್ಮ ಕೇಳಿದಾಗ ಅಮ್ಮ, “ನಿನ್ನ ಜೊತೆ ಮಾತಾಡೋದಕ್ಕಿಂತ ಚಮಚ ವಾಸಿ” ಎಂದಿದ್ದಳು. ಆದರೆ ಅಪ್ಪ ಸಿಟ್ಟಿನಲ್ಲಿ ಬಾಗಿಲು ದಢಾರನೆ ಬಡಿದು ಹೋದ ದಿನ ಒಂದು ನೋಡಿದ್ದೆ. ನಾನು ಅಳುತ್ತಿದ್ದೆ, ಅಕ್ಕ ಅಳಲಿಲ್ಲ. ಕಚೇರಿಯೊಳಗೆ ಹೋಗಿ ಬಾಗಿಲಿನ ದೂರು ಬರೆದುಕೊಂಡಳು: ‘ತುಂಬಾ ಭಯ ಆಯಿತು.’

ದೊಡ್ಡವಳಾದ ಮೇಲೆ ಅವಳು ನಿಜವಾಗಿಯೂ ನೀರು ಸರಬರಾಜು ಕಚೇರಿಯ ದೂರು ಕೌಂಟರಿನಲ್ಲೇ ಕೂತಳು. ನಲ್ಲಿ ಬರದವರು, ಕೆಸರು ನೀರು ಬಂದವರು, ಎಲ್ಲರೂ ಬಂದು ಅವಳ ಮೇಲೇ ಹರಿಹಾಯುತ್ತಿದ್ದರು. ಇಪ್ಪತ್ತೇಳು ವರ್ಷ “ಬರ್ಕೊಂಡಿದೀನಿ ಸಾರ್” ಎಂದಳು. ಸಂಜೆ ಮನೆಗೆ ಬಂದು ಅವರ ದನಿಯಲ್ಲೇ ಕೂಗಾಡಿ ತೋರಿಸಿ ನನ್ನನ್ನು ನಗಿಸುತ್ತಿದ್ದಳು. ನಾನು ಮನೆಯಲ್ಲೇ ಪರದೆ ಹೊಲಿಯುವವಳು. ಇಬ್ಬರಿಗೂ ಅದೇ ಮನೆ, ಅದೇ ಮೇಜು.

ಹೋದ ವರ್ಷ ಒಂದು ಸೋಮವಾರ ಅಕ್ಕ ಏಳಲಿಲ್ಲ. ಜ್ವರವಿಲ್ಲ, ನೋವಿಲ್ಲ, ಗೋಡೆ ಕಡೆ ಮುಖ. ಮರು ಸೋಮವಾರ ಮನೋವೈದ್ಯರ ಹತ್ತಿರ ಎಳೆದುಕೊಂಡು ಹೋದರೆ ಅಲ್ಲೂ ತುಟಿ ಬಿಚ್ಚಲಿಲ್ಲ. ಆಮೇಲೆ ಆ ಡಾಕ್ಟರಮ್ಮ ನನ್ನನ್ನು ಪಕ್ಕಕ್ಕೆ ಕರೆದರು. “ಮಾತ್ರೆ ಶುರು ಮಾಡೋಣ. ಆದ್ರೆ ಒಳಗೆ ಏನಾಗ್ತಿದೆ ಅಂತ ಅವರೇ ಹೇಳ್ಬೇಕು. ಊಟಾನೂ ಬಿಟ್ಟಿದಾರೆ. ಮುಂದಿನ ವಾರಾನೂ ಹೀಗೇ ಇದ್ರೆ ಆಸ್ಪತ್ರೆಗೆ ಸೇರಿಸ್ಬೇಕಾಗುತ್ತೆ.”

ಮನೆಗೆ ಬಂದು, ಮಾತಾಡೇ ಎಂದು ಬೇಡಿದೆ, ಬೈದೆ, ಅತ್ತೆ. ಡಾಕ್ಟರನ್ನು ಕಂಡುಬಂದ ಐದನೇ ದಿನ ಬೆಳಗ್ಗೆ ತಲೆ ಕೆಟ್ಟು, ಮೇಜಿಗೆ ಚಾದರ ಹಾಕಿ, ಐವತ್ತೊಂದರ ಈ ದೇಹವನ್ನು ಅದರ ಕೆಳಗೆ ತುರುಕಿದೆ.

“ಸಾಹೇಬ್ರೇ! ಹಾಸಿಗೆ ಬಂದಿದೆ! ಯಾರೋ ಮೇಲಿಂದ ಏಳೋದೇ ಇಲ್ವಂತೆ, ಬೆನ್ನು ನೋವಂತೆ!”

ಒಳಕೋಣೆಯ ಕಡೆ ಕಿವಿಗೊಟ್ಟು ಮತ್ತೆ ಕೂಗಿದೆ.

“ತಟ್ಟೆ ಬಂದಿದೆ! ಹೋದ ಹಾಗೇ ವಾಪಸ್ ಬರ್ತಿದೀನಿ, ಮರ್ಯಾದೆ ಹೋಯ್ತು ಅಂತಿದೆ! ಬಂದ ದೂರನ್ನ ಆಗಲ್ಲ ಅನ್ನೋ ಹಾಗಿಲ್ಲ, ನೀನೇ ಮಾಡಿದ ರೂಲು ಕಣೇ!”

ಊಹೂಂ. ಸಾಕಾಗಿ ಹೊರಗೆ ಬರಲು ಹೋದರೆ ಮಂಡಿ ಹಿಡಿದುಕೊಂಡಿತು. “ಅಯ್ಯಯ್ಯೋ, ಮಂಡಿ! ಆಟ ಅಲ್ಲ ಕಣೇ, ನಿಜ!”

ಹೆಜ್ಜೆ ಸದ್ದು. ಚಾದರ ಎತ್ತಿ, ಕೆದರಿದ ತಲೆಯ ಅಕ್ಕ ಬಗ್ಗಿ ನೋಡಿದಳು.

“ಮನುಷ್ಯರು ದೂರು ಕೊಡೋ ಹಾಗಿಲ್ಲ.”

ಹನ್ನೊಂದು ದಿನದ ಮೇಲೆ ಆಡಿದ ಮೊದಲ ಮಾತು ಇದು! ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಅವಳು ತೆವಳಿಕೊಂಡು ಒಳಗೆ ಬಂದು ನನ್ನ ಮಂಡಿ ನೀವಿದಳು. ಆಮೇಲೆ ಜವಾನನ ಜಾಗದಲ್ಲಿ ಕೂತಳು.

“ನಿನ್ನ ಜಾಗ ಆ ಕಡೆ,” ಎಂದೆ.

“ಇವತ್ತು ನೀನು ಕೂತ್ಕೋ.”

ನಲವತ್ತೇಳು ವರ್ಷಕ್ಕೆ ಬಡ್ತಿ! ಗಂಟಲು ಸರಿಮಾಡಿಕೊಂಡು ಕೇಳಿದೆ, “ಯಾರು ಬಂದಿದಾರೆ?”

“ಕುರ್ಚಿ. ಕೌಂಟರಿನ ಕುರ್ಚಿ.”

“ಏನಂತೆ?”

ಅಕ್ಕ ಚಾದರದ ಅಂಚನ್ನು ಬೆರಳಿಗೆ ಸುತ್ತಿಕೊಂಡಳು. “ಅದರ ಮೇಲೆ ಕೂರೋಳು ಎರಡು ವರ್ಷದಿಂದ ಊಟದ ಹೊತ್ತಲ್ಲಿ ಅಳ್ತಾಳಂತೆ. ಮುಖ ತೊಳ್ಕೊಂಡು ಮತ್ತೆ ಎಲ್ಲರದ್ದೂ ಬರ್ಕೋತಾಳಂತೆ. ತನ್ನದನ್ನ ಎಲ್ಲಿ ಕೊಡ್ಬೇಕು ಅಂತ ಅವಳಿಗೆ ಗೊತ್ತಿಲ್ವಂತೆ.”

ಎರಡು ವರ್ಷ! ದಿನಾ ಸಂಜೆ ಹಲ್ಲು ಬಿಟ್ಟು ನಕ್ಕವಳು ನಾನು. ನಾಚಿಕೆಯಾಯಿತು. ಸಾಹೇಬರು ಹೇಳುತ್ತಿದ್ದ ಮಾತೊಂದೇ ಬಾಯಿಗೆ ಬಂತು.

“ಪಾಪ,” ಎಂದೆ. “ಕುರ್ಚೀನ ಸೋಮವಾರ ಡಾಕ್ಟರ ಹತ್ರ ಕರ್ಕೊಂಡು ಹೋಗ್ಬೇಕು. ಇದು ಆರ್ಡರ್.”

“ಅಳ್ತಾ ಆರ್ಡರ್ ಕೊಡಬಾರ್ದು,” ಎಂದು ಅಕ್ಕ ನನ್ನ ಕೆನ್ನೆ ಒರೆಸಿದಳು. ಮಧ್ಯಾಹ್ನ ಅರ್ಧ ತಟ್ಟೆ ಊಟ ಮಾಡಿದಳು.

ಸೋಮವಾರ ಡಾಕ್ಟರಮ್ಮ “ಹೇಗಿದೀರಿ?” ಎಂದರು. ಅಕ್ಕ ನೆಲ ನೋಡಿದಳು. ನನಗೆ ತಡೆಯಲಾಗಲಿಲ್ಲ.

“ಡಾಕ್ಟ್ರೇ, ಒಂದು ಕುರ್ಚಿ ಇದೆ. ಅದು ಏನು ಹೇಳುತ್ತೆ ಅಂದ್ರೆ…”

ಅವರು ಪೇಷೆಂಟು ನಾನೇ ಏನೋ ಎನ್ನುವ ಹಾಗೆ ನನ್ನನ್ನು ನೋಡಿದರು. ಅಕ್ಕ ನನ್ನ ಮಣಿಕಟ್ಟು ಹಿಡಿದಳು.

“ನೀನು ಸುಮ್ನಿರೇ,” ಎಂದು ತಲೆಯೆತ್ತಿದಳು. “ಕುರ್ಚಿ ಅಲ್ಲ ಡಾಕ್ಟ್ರೇ. ನಾನು.”