ಮೇಜಿನ ಕೆಳಗಿನ ಕಡಲು

ಮೊನ್ನೆ ಅಂಚೆ ಕಚೇರಿಯಲ್ಲಿ ಯಾರದೋ ಪಾರ್ಸೆಲ್ಲಿನ ಗಂಟಿನ ಮೇಲೆ ಅರಗು ಕರಗಿಸಿ ಮುದ್ರೆ ಒತ್ತುತ್ತಿದ್ದರು. ನನ್ನ ಮುಂದೆ ನಿಂತವರು ಮೂಗು ಮುಚ್ಚಿಕೊಂಡರು. ನಾನು ಒಂದು ಉಸಿರು ಹೆಚ್ಚಾಗಿಯೇ ಎಳೆದುಕೊಂಡೆ. ಸರತಿಯಲ್ಲಿ ನಿಂತು ಬೇರೇನೋ ಯೋಚಿಸುವುದು ನನ್ನ ಪದ್ಧತಿಯಲ್ಲ. ಶಿಕ್ಷಕಿಯರ ತರಬೇತಿ ಹಾಸ್ಟೆಲಿನಲ್ಲಿ ಗಂಟೆ ಹೊಡೆದರೆ ಏಳುವುದು, ಗಂಟೆ ಹೊಡೆದರೆ ಉಣ್ಣುವುದು, ಗಂಟೆ ಹೊಡೆದರೆ ನಗುವುದನ್ನು ನಿಲ್ಲಿಸುವುದು ಎಂದು ಕಲಿತು ಬಂದವಳು ನಾನು. ಆದರೂ ಆ ಬಿಸಿ ಅರಗಿನ ವಾಸನೆ ನನ್ನನ್ನು ಸರತಿಯಿಂದ ಎತ್ತಿ ಸೀದಾ ಸಮುದ್ರದೊಳಕ್ಕೆ ಹಾಕಿತು. ರಾಮನಗರದಲ್ಲಿ ಸಮುದ್ರ ಎಲ್ಲಿಂದ ಬಂತು ಎನ್ನುತ್ತೀರಿ. ಅದನ್ನೇ ಹೇಳಹೊರಟಿದ್ದೇನೆ.

ನಿವೃತ್ತಿಗೆ ಮುಂಚೆ ನಾನು ಕೂಟಗಲ್ ಕಡೆಯ ಒಂದು ಪ್ರೌಢಶಾಲೆಯಲ್ಲಿ ಮುಖ್ಯೋಪಾಧ್ಯಾಯಿನಿಯಾಗಿದ್ದೆ. ಕಿಟಕಿ ತೆರೆದರೆ ಬಂಡೆ, ಮುಚ್ಚಿದರೆ ಬಂಡೆಯ ಕಾವು. ಅಂಥ ಊರಿಗೆ ಆ ವರ್ಷದ ವಿಜ್ಞಾನ ವಸ್ತುಪ್ರದರ್ಶನದ ವಿಷಯ ‘ಸಾಗರದ ಜೀವಿಗಳು’ ಎಂದು ಮೇಲಿನಿಂದ ಬಂತು. ವಿಷಯ ಆರಿಸುವವರು ನಕ್ಷೆ ಹಿಡಿದು ನಮಗೆ ಯಾವುದು ಅತಿ ದೂರವೋ ಅದನ್ನೇ ಹುಡುಕುತ್ತಾರೆಂದು ನನಗೆ ಅನುಮಾನ. ಹಿಂದಿನ ವರ್ಷ ಹಿಮಪ್ರದೇಶ ಬಂದಿತ್ತು. ಇಡೀ ತಾಲ್ಲೂಕಿನ ಔಷಧಿ ಅಂಗಡಿಗಳಲ್ಲಿ ಹತ್ತಿ ಖಾಲಿಯಾಗಿತ್ತು.

ನಮ್ಮಲ್ಲಿ ವಿಜ್ಞಾನ ಹೇಳಿಕೊಡುತ್ತಿದ್ದವಳು ಭಾಗ್ಯ. ಮಾಗಡಿ ತಾಲ್ಲೂಕಿನ ಗುಡೇಮಾರನಹಳ್ಳಿಯವಳು, ರೇಷ್ಮೆ ಸಾಕುವ ಮನೆಯ ಮಗಳು, ಅತಿಥಿ ಶಿಕ್ಷಕಿ. ಅತಿಥಿ ಶಿಕ್ಷಕಿ ಎಂದರೆ ಶಾಲೆ ತೆರೆದಾಗ ಬರಮಾಡಿಕೊಂಡು, ಪರೀಕ್ಷೆ ಮುಗಿದಾಗ ಬೀಳ್ಕೊಡುವ ವ್ಯವಸ್ಥೆ. ನಮ್ಮ ಕಡೆ ನೆಂಟರನ್ನೂ ಹೀಗೆ ನಡೆಸಿಕೊಳ್ಳುವುದಿಲ್ಲ. ಆ ವರ್ಷ ಇನ್ನೊಂದು ಮಾತೂ ಹಬ್ಬಿತ್ತು: ಪ್ರದರ್ಶನದಲ್ಲಿ ಬಹುಮಾನ ತಂದ ಶಾಲೆಯಲ್ಲಿ ಮಾತ್ರ ಅತಿಥಿಯನ್ನು ಮುಂದುವರಿಸುತ್ತಾರೆ. ಬಹುಮಾನ ಬಾರದಿದ್ದರೆ ಭಾಗ್ಯ ತನ್ನ ಬಿ.ಎಡ್. ಪದವಿಯನ್ನು ಟ್ರಂಕಿನಲ್ಲಿಟ್ಟು ಮತ್ತೆ ಹಿಪ್ಪುನೇರಳೆ ಸೊಪ್ಪು ಕೊಯ್ಯಲು ಹೋಗಬೇಕಿತ್ತು.

ಉಳಿದ ಶಾಲೆಗಳೆಲ್ಲ ಸಮುದ್ರದ ತಳ ಮಾಡುತ್ತವೆಂದು ಗೊತ್ತಿತ್ತು. ನೀಲಿ ಕಾಗದ ಹಾಸು, ಮರಳು ಚೆಲ್ಲು, ಪ್ಲಾಸ್ಟಿಕ್ ಮೀನು ಮಲಗಿಸು. ನಾನೂ ಅದನ್ನೇ ಸೂಚಿಸಿದೆ. ಭಾಗ್ಯ ಮೊಬೈಲು ತೆಗೆದು ಒಂದು ವಿಡಿಯೊ ತೋರಿಸಿದಳು. ಕಗ್ಗತ್ತಲ ನೀರಿನಲ್ಲಿ ದೀಪ ಹೊತ್ತ ಯಂತ್ರವೊಂದು ಗೋಡೆಯಂಥ ಕಡಿದಾದ ಬಂಡೆಯ ಪಕ್ಕದಲ್ಲಿ ಇಳಿಯುತ್ತಿದೆ. ಬೆಳಕು ಬಿದ್ದಲ್ಲೆಲ್ಲ ಕಿತ್ತಳೆ ಬಣ್ಣದ ಹವಳ, ಹೂಜಿಯಂಥ ಸ್ಪಂಜುಗಳು, ತೆಳ್ಳನೆಯ ತೋಳು ಚಾಚಿದ ನಕ್ಷತ್ರಮೀನುಗಳು, ತಲೆಕೆಳಗಾಗಿ ನೇತುಬಿದ್ದ ಚಿಪ್ಪುಗಳು.

“ಇಷ್ಟು ದಿವ್ಸ ಇದ್ನ ಯಾರೂ ಸರ್ಯಾಗಿ ನೋಡೇ ಇರ್ಲಿಲ್ವಂತೆ ಮೇಡಂ,” ಎಂದಳು. “ಬಲೆ ಬುಟ್ಟೋರು ಚಪ್ಪಟೆ ಜಾಗದಾಗೇ ಎಳ್ದವ್ರೆ. ಬಂಡೆ ತಾವು ಹೋದ್ರೆ ಬಲೆ ಹರ್ದೋಯ್ತದಲ್ಲ. ಅದ್ಕೇ ಅಲ್ಲೇನೂ ಇಲ್ಲ ಅಂದ್ಕಂಡವ್ರೆ.”

ನನಗೇನೂ ಆಶ್ಚರ್ಯವಾಗಲಿಲ್ಲ. ನನ್ನ ಸೇವಾವಧಿಯುದ್ದಕ್ಕೂ ಶಾಲಾ ತಪಾಸಣೆ ನಡೆದದ್ದು ಜೀಪು ಹೋಗುವ ಊರುಗಳಲ್ಲಿ. ಜೀಪು ಹತ್ತದ ಗುಡ್ಡದ ಮೇಲಿನ ಶಾಲೆಗಳಲ್ಲಿ ಸಮಸ್ಯೆಯೇ ಇಲ್ಲವೆಂದು ವರದಿ ಹೋಗುತ್ತಿತ್ತು.

ಬಂಡೆಯ ಮೇಲೇ ಯಾಕೆ ಇಷ್ಟೊಂದು ಜೀವ ಎಂದು ಕೇಳಿದೆ. ಮೇಲಿನ ನೀರಿನಿಂದ ಸದಾ ದೂಳಿನಂಥದ್ದು ಉದುರುತ್ತದಂತೆ. ಚಪ್ಪಟೆ ತಳದಲ್ಲಿ ಅದು ಕೆಸರಾಗಿ ಕೂತು, ಕದಲದ ಜೀವಿಗಳನ್ನು ಮುಚ್ಚಿಬಿಡುತ್ತದೆ. ಕಡಿದಾದ ಕಡೆ ಜಾರಿಹೋಗುತ್ತದೆ. ಗಟ್ಟಿಯಾಗಿ ಕಚ್ಚಿಕೊಂಡು, ನೀರಿನ ಸೆಳೆತ ತಂದುಕೊಟ್ಟದ್ದನ್ನು ಹಿಡಿದು ತಿಂದರಾಯಿತು. ಇಷ್ಟು ಹೇಳಿ ಭಾಗ್ಯ, “ನಮ್ಮನೆ ಚಂದ್ರಿಕೆ ಇದ್ದಂಗೆ ಮೇಡಂ,” ಎಂದಳು.

ಚಂದ್ರಿಕೆ ಎಂದರೆ ಹಣ್ಣಾದ ರೇಷ್ಮೆಹುಳು ಗೂಡು ಕಟ್ಟಲು ಬಿಡುವ ಬಿದಿರಿನ ತಟ್ಟಿ. ಹುಳು ಬಿಟ್ಟ ಮೇಲೆ ಅದನ್ನು ನಮ್ಮಲ್ಲಿ ಯಾರೂ ಮಲಗಿಸಿ ಇಡುವುದಿಲ್ಲ, ಗೋಡೆಗೆ ಒರಗಿಸಿ ನಿಲ್ಲಿಸುತ್ತಾರೆ. ಮಲಗಿಸಿದರೆ ಹುಳುವಿನ ಹೊಲಸು ಗೂಡುಗಳ ಮೇಲೆ ಬಿದ್ದು ಕಲೆಯಾಗುತ್ತದೆ. ಭಾಗ್ಯ ಮನೆಯಿಂದ ಹಳೆಯ ಪುಟ್ಟ ಚಂದ್ರಿಕೆಯೊಂದನ್ನು ಬಸ್ಸಿನಲ್ಲಿ ತಂದಳು. ಅದೇ ನಮ್ಮ ಕಡಲಬಂಡೆ.

ಜೀವಿಗಳಿಗಾಗಿ ಚನ್ನಪಟ್ಟಣಕ್ಕೆ ಹೋದೆವು. ಅಲ್ಲಿ ಗೊಂಬೆ ಕಡೆಯುವ ಹಿರಿಯರೊಬ್ಬರು ಭಾಗ್ಯಳಿಗೆ ಪರಿಚಯ. ಮರದ ತುಂಡು ಗಿರ್ರನೆ ತಿರುಗುತ್ತಿದ್ದಂತೆ ಅವರು ಅರಗಿನ ಕಡ್ಡಿ ಒತ್ತುತ್ತಿದ್ದರು; ಬಣ್ಣ ಕರಗಿ ಹತ್ತಿಕೊಳ್ಳುತ್ತಿತ್ತು, ಜೊತೆಗೆ ಆ ವಾಸನೆ. ವಿಡಿಯೊ ನೋಡಿ ಅವರು ಸ್ಪಂಜನ್ನು ಹೂದಾನಿಯಂತೆ ಕಡೆದರು, ಹವಳಕ್ಕೆ ಉರಿಯುವ ಕಿತ್ತಳೆ ಬಳಿದರು. ಕಗ್ಗತ್ತಲಲ್ಲಿ ಇರುವುದಕ್ಕೆ ಇಷ್ಟೊಂದು ಬಣ್ಣ ದಂಡವಲ್ಲವೇ ಎಂದು ನಾನು ನನ್ನ ಮಿತವ್ಯಯದ ಬುದ್ಧಿ ತೋರಿಸಿದೆ.

“ಸಂಜೆ ಅಂಗ್ಡಿ ಬಾಗ್ಲು ಹಾಕ್ಬುಟ್ರೆ ನನ್ ಗೊಂಬೆಗಳ ಬಣ್ಣ ಹೋಯ್ತದಾ ಮೇಡಂ?” ಎಂದರು ಅವರು, ಕೈ ನಿಲ್ಲಿಸದೆ.

ಒಂದೇ ವಿಷಯದಲ್ಲಿ ಅವರು ಜಗ್ಗಲಿಲ್ಲ. ಪ್ರತಿಯೊಂದು ಜೀವಿಗೂ ಅಡಿಯನ್ನು ಸಪಾಟಾಗಿ ಕೊಯ್ದರು. ಇವು ಗೋಡೆಗೆ ಅಂಟುವಂಥವು, ನಿಲ್ಲಬೇಕಿಲ್ಲ ಎಂದರೂ ಕೇಳಲಿಲ್ಲ. ನಿಲ್ಲದ ಗೊಂಬೆ ತಮ್ಮ ಅಂಗಡಿಯಿಂದ ಈವರೆಗೆ ಹೋಗಿಲ್ಲವಂತೆ. ಹೀಗಾಗಿ ನಮ್ಮ ಆಳಸಮುದ್ರದ ಪ್ರಾಣಿಗಳು ಚಂದ್ರಿಕೆಗೆ ಕಟ್ಟಿದ ಮೇಲೂ ಕವಾಯಿತಿಗೆ ನಿಂತಂತೆಯೇ ಕಂಡವು. ನನಗೆ ಅದು ಹಿಡಿಸಿತು ಅನ್ನಿ.

ಪ್ರದರ್ಶನದ ದಿನ ರಾಮನಗರದ ಸಭಾಂಗಣದಲ್ಲಿ ವ್ಯವಸ್ಥಾಪಕ ಪುಟ್ಟಸ್ವಾಮಿ ನಮ್ಮನ್ನು ತಡೆದ. ಉಯ್ಯಂಬಳ್ಳಿ ಕಡೆಯವನು, ಒಂದು ಕಾಲದಲ್ಲಿ ನನ್ನ ವಿದ್ಯಾರ್ಥಿ. ನಿಯಮದ ಪ್ರಕಾರ ಮಾದರಿಯ ಎತ್ತರ ಮೇಜಿನಿಂದ ಒಂದು ಅಡಿ ಮೀರಕೂಡದು. ಹಿಂದೊಮ್ಮೆ ಯಾವುದೋ ಶಾಲೆಯ ಜ್ವಾಲಾಮುಖಿ ಮುಖ್ಯ ಅತಿಥಿಯ ಶಾಲಿನ ಮೇಲೆ ಉರುಳಿದಾಗ ಹುಟ್ಟಿದ ನಿಯಮ ಅದು.

“ಮಲಗ್ಸ್‌ಬುಡಿ ಮೇಡಂ. ತೀರ್ಪುಗಾರ್ರು ನೋಡ್ಕಂಡು ಹೋಗೋಗಂಟ ಅಷ್ಟೇಯ.”

“ಮಲಗಿಸಿದರೆ ಅದು ಸಮುದ್ರದ ತಳ ಆಗುತ್ತಪ್ಪ.”

“ಆಗ್ಲಿ ಬಿಡಿ. ಎಲ್ಲಾರ್ದೂ ತಳಾನೇ. ಬಹುಮಾನಾನೂ ತಳಕ್ಕೇ ಬರೋದು.”

“ನಿಮ್ಮ ಮನೆಯಲ್ಲಿ ಹುಳು ಬಿಟ್ಟ ಚಂದ್ರಿಕೆಯನ್ನು ಮಲಗಿಸುತ್ತೀಯಾ?”

“ಅದು ಬೇರೆ ಮೇಡಂ,” ಎಂದ ಪುಟ್ಟಸ್ವಾಮಿ, ತುಂಬ ವಿನಯದಿಂದ. “ಅದು ಬದುಕು. ಇದು ಎಕ್ಸಿಬಿಷನ್ನು.”

ಭಾಗ್ಯ ಚಂದ್ರಿಕೆಯ ಅಂಚು ಹಿಡಿದು ಅರ್ಧ ಬಾಗಿಸಿದಳು. ಬಾಗಿಸಿದವಳು ಹಾಗೇ ನಿಂತಳು. ಮಲಗಿಸಮ್ಮ, ಕೆಲಸ ಉಳಿಯುತ್ತದೆ ಎಂದು ಮೆಲ್ಲಗೆ ಹೇಳಿದೆ. ಅವಳು ಒಲ್ಲೆನೆಂದು ತಲೆಯಾಡಿಸಿದಳು.

“ಮಲಗ್ಸುದ್ರೆ, ನಾನು ಮಕ್ಳಿಗೆ ಹೇಳ್ಕೊಟ್ಟಿದ್ದೆಲ್ಲ ಸುಳ್ಳಾಯ್ತದೆ ಮೇಡಂ.”

ಆಗ ನಾನು ನನಗೆ ಗೊತ್ತಿರುವ ಒಂದೇ ವಿದ್ಯೆಯನ್ನು ಬಳಸಿದೆ. ನಿಯಮವನ್ನು ಇನ್ನೊಮ್ಮೆ ಓದಿದೆ. ಮೇಜಿನಿಂದ ಮೇಲಕ್ಕೆ ಎಷ್ಟು ಎಂದು ಹೇಳಿತ್ತು. ಕೆಳಕ್ಕೆ ಎಷ್ಟು ಎಂದು ಯಾರೂ ಹೇಳಿರಲಿಲ್ಲ. ಮೇಜಿನ ಆಚೆಯ ಅಂಚಿನಿಂದ ಚಂದ್ರಿಕೆಯನ್ನು ಕೆಳಗೆ ಇಳಿಬಿಟ್ಟೆವು. ಸಮುದ್ರವೂ ಹಾಗೇ ಇರುತ್ತದಂತೆ. ದಡದಿಂದ ಸ್ವಲ್ಪ ದೂರ ಮೇಜಿನಂತೆ ಚಪ್ಪಟೆ, ಆಮೇಲೆ ಒಮ್ಮೆಲೇ ಪ್ರಪಾತ. ಪುಟ್ಟಸ್ವಾಮಿ ಟೇಪು ಹಿಡಿದು ಅಳೆದ, ತಲೆ ಕೆರೆದುಕೊಂಡ, ಹೋದ.

ಮೂವರು ತೀರ್ಪುಗಾರರು ಬಂದರು. ಮೇಜಿನ ಮೇಲೆ ನೀಲಿ ಬಟ್ಟೆ ಬಿಟ್ಟರೆ ಏನೂ ಇರಲಿಲ್ಲ.

“ಏನಮ್ಮ, ಮೇಜು ಖಾಲಿ ಐತೆ?” ಎಂದರು ಅವರಲ್ಲಿ ಹಿರಿಯರು.

“ಕೆಳಗೈತೆ ಸಾರ್. ಒಸಿ ಕುಂತ್ಕಂಡು ನೋಡ್ಬೇಕು.”

ಹಿರಿಯರ ಪ್ಯಾಂಟಿಗೆ ಗಂಜಿ ಹಾಕಿತ್ತು, ಎರಡನೆಯವರ ಮಂಡಿಗೆ ನೋವಿತ್ತು. ನಿಂತಲ್ಲೇ ಬಾಯಲ್ಲಿ ಹೇಳಿಬಿಡು, ಬರೆದುಕೊಳ್ಳುತ್ತೇವೆ ಎಂದರು. ಹೇಳಿದ್ದರೆ ಅಂಕ ಬೀಳುತ್ತಿತ್ತು, ಅವಳಿಗೆಲ್ಲ ಬಾಯಿಪಾಠ. ಹೇಳಿಬಿಡು ಎಂದು ನಾನು ಕಣ್ಸನ್ನೆ ಮಾಡಿದೆ.

“ಹೇಳುದ್ರೆ ಕೇಳ್ದಂಗಾಯ್ತದೆ ಸಾರ್,” ಎಂದಳು ಭಾಗ್ಯ. “ನೋಡ್ದಂಗಾಗಲ್ಲ.”

ಮೂವರಲ್ಲಿ ಕಿರಿಯಳಾದ ಒಬ್ಬ ಉಪನ್ಯಾಸಕಿ ಸೀರೆ ಎತ್ತಿಕಟ್ಟಿ ಕೂತಳು, ಬಹಳ ಹೊತ್ತು ಏಳಲಿಲ್ಲ. ಉಳಿದಿಬ್ಬರು ಗಡಿಯಾರ ನೋಡಿಕೊಂಡರು. ಮೊದಲ ಬಹುಮಾನ ನೀಲಿ ಕಾಗದದ ತಳಕ್ಕೆ ಹೋಯಿತು. ಅದರಲ್ಲೊಂದು ಮೀನು ಕೀಲಿ ಕೊಟ್ಟರೆ ಬಾಲ ಅಲ್ಲಾಡಿಸುತ್ತಿತ್ತು. ನಮ್ಮ ಶಾಲೆಯ ಹೆಸರಿನ ಮುಂದೆ ಬಹುಮತದ ತೀರ್ಪು ಹೀಗಿತ್ತು: ಜೀವಿಗಳು ಕಂಡುಬರಲಿಲ್ಲ.

ತೀರ್ಪುಗಾರರು ಹೋದ ಮೇಲೆ ಮಕ್ಕಳನ್ನು ಕರೆದುಕೊಂಡು ತಾಯಂದಿರು ಬಂದರು. ಅವರಿಗೆ ಕುಕ್ಕರುಗಾಲಲ್ಲಿ ಕೂರುವುದು ಕಷ್ಟವೇ ಅಲ್ಲ.

“ಚಂದ್ರಿಕೆ ಕಣಮ್ಮಿ ಇದು,” ಎಂದಳೊಬ್ಬಳು.

“ಹೂಂ ಕಣೇ. ಹುಳ ಬದ್ಲು ಹೂವ ಬುಟ್ಟದೆ,” ಎಂದಳು ಇನ್ನೊಬ್ಬಳು.

ಅವರು ಏಳದೆ, ಹಿಂದಿನವರಿಗೆ ಜಾಗ ಸಿಗದೆ, ನಮ್ಮ ಮೇಜಿನ ಮುಂದೆ ಸಣ್ಣ ಜಗಳವೇ ಆಯಿತು. ಆದರೆ ಜಗಳಕ್ಕೆ ಅಂಕವಿರಲಿಲ್ಲ.

ಶಾಲೆ ತೆರೆದಾಗ ಭಾಗ್ಯಳಿಗೆ ಕರೆ ಬರಲಿಲ್ಲ. ಅವಳು ಸೊಪ್ಪು ಕೊಯ್ದಳು, ಹುಳು ಸಾಕಿದಳು. ಎರಡು ಬೆಳೆಯ ಬಳಿಕ ಮಾಗಡಿ ಕಡೆಯ ಸಣ್ಣದೊಂದು ಖಾಸಗಿ ಶಾಲೆಗೆ ಸೇರಿದಳೆಂದು ಕೇಳಿದೆ. ಅವಳಿಲ್ಲದ ನಮ್ಮ ಶಾಲೆಯಲ್ಲಿ ವಿಜ್ಞಾನವನ್ನು ಹಿಂದಿ ಮೇಷ್ಟರು ನೋಡಿಕೊಂಡರು. ನೋಡಿಕೊಂಡರು ಎಂದಷ್ಟೇ ಹೇಳಬಲ್ಲೆ.

ಅಂಚೆ ಕಚೇರಿಯಿಂದ ಮನೆಗೆ ಬಂದವಳೇ ಅವಳ ನಂಬರು ಹುಡುಕಿ ಫೋನು ಮಾಡಿದೆ. ಮಾಡಿದ್ದು ಒಳ್ಳೆಯದಾಯಿತು. ಅವಳ ಶಾಲೆಯಲ್ಲಿ ಬರುವ ವಾರ ಪ್ರದರ್ಶನವಂತೆ, ತೀರ್ಪುಗಾರರು ಇನ್ನೂ ಸಿಕ್ಕಿರಲಿಲ್ಲವಂತೆ.

“ನೀವೇ ಬನ್ನಿ ಮೇಡಂ. ಮಕ್ಳು ಮಾಡಿರೋದು ಗೋಡೆ ಮೇಲೈತೆ, ಬೆಂಚಿನಡಿ ಐತೆ, ಮೆಟ್ಲು ಸಂದೀಲೂ ಐತೆ. ಮಂಡಿ ಹೆಂಗವೆ?”

ಚೆನ್ನಾಗಿವೆ ಎಂದೆ, ಮುಖ್ಯೋಪಾಧ್ಯಾಯಿನಿಯ ದನಿಯಲ್ಲಿ. ಮಂಡಿಗಳಿಗೆ ಆ ದನಿಯ ಭಯವಿಲ್ಲ. ಆದ್ದರಿಂದ ಬೆಳಗಿನ ದಿನಚರಿಯಲ್ಲಿ ಈಗ ಒಂದು ಹೊಸ ಬಾಬು ಸೇರಿದೆ: ನೆಲದ ಮೇಲೆ ಕೂರುವುದು, ಏನನ್ನೂ ಹಿಡಿಯದೆ ಏಳುವುದು.

ಇವತ್ತು ಊಟದ ಮೇಜಿನ ಪಕ್ಕ ಕೂತೆ, ಏಳಲಾಗದೆ ಅಲ್ಲೇ ಉರುಳಿದೆ. ಬಿದ್ದುಕೊಂಡಲ್ಲಿಂದ ತಲೆಯೆತ್ತಿದೆ. ದಿನವೂ ತಪ್ಪದೆ ಒರೆಸುವ ನನ್ನ ಮೇಜಿನ ಅಡಿಭಾಗ ಕಂಡಿತು. ಮೂಲೆಯಲ್ಲಿ ಕಣಜ ಕಟ್ಟಿದ ಮಣ್ಣಿನ ಗೂಡು. ಅಡ್ಡಪಟ್ಟಿಗೆ ಅಂಟಿದ ಹಲ್ಲಿಯ ಜೋಡಿ ಮೊಟ್ಟೆ. ಒಂದು ಜೇಡ, ಅದರ ಬಿಳಿಯ ಚೀಲದ ಸುತ್ತ ಚುಕ್ಕಿಗಳಂಥ ಮರಿಗಳು. ಕಾಲಿನ ಉದ್ದಕ್ಕೂ ಹೆಸರು ಗೊತ್ತಿಲ್ಲದ ಏನೋ ಒಂದು ಸಾಲಾಗಿ ಹತ್ತುತ್ತಿತ್ತು. ಇಷ್ಟು ವರ್ಷ ಇವರೆಲ್ಲರ ನೆತ್ತಿಯ ಮೇಲೆ ಕೂತು ನಾನು ಹೊತ್ತಿಗೆ ಸರಿಯಾಗಿ ಉಂಡಿದ್ದೆ.

ಅಡುಗೆಮನೆಯಲ್ಲಿ ಕುಕ್ಕರು ಕೂಗಿತು. ತಿಂಡಿಯ ಹೊತ್ತು ಮೀರಿತು. ಪೊರಕೆ ಕೈಗೆಟುಕುವಲ್ಲೇ ಇತ್ತು. ಅದನ್ನು ಕಾಲಿನಿಂದ ಇನ್ನಷ್ಟು ದೂರ ತಳ್ಳಿ, ಕನ್ನಡಕ ಸರಿಮಾಡಿಕೊಂಡು ಮತ್ತೆ ನೋಡತೊಡಗಿದೆ.