ಬಿಸಿ ಟೈರಿನ ಗಾಳಿ

ಗಾಳಿ ಮಾವನ ಟೈರ್ ಅಂಗಡಿಗೂ ನನ್ನ ಬೀಗ ರಿಪೇರಿ ಅಂಗಡಿಗೂ ನಡುವೆ ಒಂದು ತಗಡಿನ ಗೋಡೆ. ಪಂಕ್ಚರ್ ಹಾಕುತ್ತಲೇ ತಲೆ ನರೆಸಿಕೊಂಡ ಅವರನ್ನು ಬೀದಿಯಲ್ಲಿ ಎಲ್ಲರೂ ಹಾಗೇ ಕರೆಯುವುದು. ಹಟಮಾರಿ ಮನುಷ್ಯ. ಓಡಿ ಬಂದ ಗಾಡಿಯ ಟೈರಿನಿಂದ ಗಾಳಿ ಬಿಡು ಎಂದರೆ ಮಾತ್ರ ಸುತರಾಂ ಒಪ್ಪುತ್ತಿರಲಿಲ್ಲ.

"ಒಳಗಿನ ಗಾಳಿ ಕಾದು ಹಿಗ್ಗಿದೆ. ಅದಕ್ಕೇ ಮೀಟರ್ ಜಾಸ್ತಿ ತೋರಿಸ್ತಿದೆ. ನೆರಳಲ್ಲಿ ಕೂತ್ಕೊಳ್ಳಿ, ತಣ್ಣಗಾದ್ಮೇಲೆ ನೋಡೋಣ" ಎನ್ನುತ್ತಿದ್ದರು. ಗಿರಾಕಿ ಸಿಡುಕಿಕೊಂಡು ಹೋದರೆ ಹೋಗಲಿ, ಅವರಿಗೇನೂ ಅಲ್ಲ.

ಇಂಥವರು ಸೋತದ್ದು ಸ್ವಂತ ಅಳಿಯನೊಬ್ಬನಿಗೇ. ಮದುವೆಗೆ ಮುಂಚೆ ಅವನನ್ನು "ಸ್ಟೇರಿಂಗ್ ಬಿಟ್ರೆ ಬೇರೇನೂ ಗೊತ್ತಿಲ್ಲದವನು" ಎಂದು ಹೀಗಳೆದಿದ್ದರು. ಅದು ಅವನ ಕಿವಿಗೆ ಬಿದ್ದು, ಅಂದಿನಿಂದ ಅಂಗಡಿಯ ಕಡೆ ತಲೆ ಹಾಕಿರಲಿಲ್ಲ. ಈ ಬೇಸಿಗೆಯಲ್ಲಿ ಬೇರೆ ಊರಿಗೆ ಮನೆ ಬದಲಾಯಿಸುವಾಗ, ಹೆಂಡತಿಯ ಮಾತಿಗೆ ಕಟ್ಟುಬಿದ್ದು ಬಂದ. ವ್ಯಾನಿನ ತುಂಬ ಬೀರು, ಮಂಚ, ಪಾತ್ರೆ. ಮಗಳು ಕೂಸನ್ನೆತ್ತಿಕೊಂಡು ಅಂಗಡಿಯ ಹಿಂದೆಯೇ ಇರುವ ಮನೆಗೆ, ತಾಯಿಯ ಹತ್ತಿರ ಹೋದಳು. ನಡುಮಧ್ಯಾಹ್ನ. ರಸ್ತೆಯ ಟಾರು ಚಪ್ಪಲಿಗೆ ಅಂಟುತ್ತಿತ್ತು.

ಅಳಿಯ ಟೈರಿಗೆ ಮೀಟರ್ ಹಚ್ಚಿ ನೋಡಿದ. "ಮಾವ, ಗಾಳಿ ಜಾಸ್ತಿ ಇದೆ. ಸ್ವಲ್ಪ ಬಿಡ್ತೀರಾ?"

ಎಷ್ಟೋ ವರ್ಷದ ಮೇಲೆ ಅವನ ಬಾಯಿಂದ ಬಂದ ಮೊದಲ ಮಾತು. ಮಾವ ತುಟಿ ಪಿಟಕ್ಕೆನ್ನದೆ ಕೂತು ನಾಲ್ಕೂ ಟೈರಿನ ಗಾಳಿ ಬಿಟ್ಟರು. ಮಗಳು ಬಂದು ಹತ್ತಿದಳು, ವ್ಯಾನು ಹೊರಟಿತು. ಮಾವ ಕೈ ಬೀಸುತ್ತ ನಗುತ್ತಿದ್ದರು.

ನನ್ನ ನಾಲಿಗೆ ಸುಮ್ಮನಿರಬೇಕಲ್ಲ. "ಏನ್ ಮಾವ, ನಿಮ್ಮ ಶಾಸ್ತ್ರ ಅಳಿಯನಿಗಿಲ್ವಾ?" ಎಂದೆ.

ಅವರ ನಗು ಹಾಗೇ ನಿಂತುಹೋಯಿತು. "ಅಷ್ಟು ಲೋಡಿದೆ ಕಣೋ" ಎಂದರು. "ಗಾಳಿ ಕಮ್ಮಿಯಾದ ಟೈರು ಉರುಳಿದಷ್ಟೂ ಮಡಚುತ್ತೆ, ಮಡಚಿದಷ್ಟೂ ಕಾಯುತ್ತೆ. ಈ ಬಿಸಿಲಲ್ಲಿ ಎಲ್ಲಾದ್ರೂ ಒಡೆದ್ರೆ..."

ಅಳಿಯನಿಗೆ ಫೋನ್ ಮಾಡಿದರು. ಗಾಡಿ ಓಡಿಸುವಾಗ ಅವನು ಫೋನ್ ಎತ್ತುವವನಲ್ಲ, ಅದೊಂದು ಒಳ್ಳೆಯ ಅಭ್ಯಾಸ. ಮಗಳಿಗೆ ಮಾಡಿದರು. ಹಿಂದಿನ ಮನೆಯೊಳಗೇ ರಿಂಗಾಯಿತು. ಅತ್ತೆ ಫೋನ್ ಹಿಡಿದು ಹೊರಗೆ ಬಂದು, "ಚಾರ್ಜಿಗೆ ಹಾಕಿದ್ಲು, ಮರೆತುಹೋಗಿದಾಳೆ. ಯಾಕೆ, ಏನಾಯ್ತು?" ಎಂದರು.

ಆಮೇಲೆ ಮಾವ ಕಂಪ್ರೆಸರ್ ಆರಿಸಿ ಬಿಸಿಲಲ್ಲೇ ಕೂತರು. ಬಂದ ಗಿರಾಕಿಗಳನ್ನು ನಾನೇ ಸಾಗಹಾಕಿದೆ. ದೂರದಲ್ಲಿ ಯಾವುದೋ ಲಾರಿಯ ಹಿಂಬಾಗಿಲು ಧಡಾರೆಂದಾಗ ಅವರು ಎದ್ದು ನಿಂತುಬಿಟ್ಟರು. ಕೆಣಕಿದ ನನ್ನ ಬಾಯಿಗೆ ಬೀಗ ಹಾಕಬೇಕೆನಿಸಿತು.

ಬಿಸಿಲು ಇಳಿಯತೊಡಗಿದಾಗ ಫೋನ್ ಬಂತು. ಅಳಿಯನ ನಂಬರು. ಮಾವ ಫೋನನ್ನು ನನ್ನತ್ತ ಚಾಚಿದರು. ನಾನೇ ಒತ್ತಿ, ಸ್ಪೀಕರ್ ಹಾಕಿ ಕೊಟ್ಟೆ.

ಮಗಳ ದನಿ. "ಅಪ್ಪ, ಕೂಸಿಗೆ ವಾಂತಿಯಾಯ್ತು ಅಂತ ನಿಲ್ಸಿದ್ವಿ. ಇಳಿದವಳು ಟೈರ್ ಮುಟ್ಟಿದ್ರೆ ಕೈ ಸುಟ್ಟುಹೋಯ್ತು. ಹಿಂದಿನದೊಂದರ ಪಕ್ಕ ನಿಂಬೆಹಣ್ಣಿನಷ್ಟು ಉಬ್ಬಿದೆ. ಯಾವನೋ ಮುಠ್ಠಾಳ ಬಿಸಿ ಟೈರಿನ ಗಾಳಿ ಬಿಟ್ಟಿದಾನೆ. ಯಾವ ಅಂಗಡಿ ಅಂತ ಕೇಳಿದ್ರೆ ಇವ್ರು ಬಾಯೇ ಬಿಡ್ತಿಲ್ಲ."

ಮಾವ ಕಣ್ಣು ಮುಚ್ಚಿಕೊಂಡರು. "ನಮ್ಮ ಅಂಗಡೀನೇ ಕಣಮ್ಮಾ. ಆ ಮುಠ್ಠಾಳ ನಾನೇ."

ಆ ಕಡೆ ಕೂಸು ಅಳುತ್ತಿತ್ತು. ಅಳಿಯ ಫೋನ್ ತೆಗೆದುಕೊಂಡ.

"ಮಾವ, ಮರದ ಕೆಳಗಿದೀವಿ. ಉಬ್ಬಿದ್ದನ್ನ ಬಿಚ್ಚಿ ಸ್ಟೆಪ್ನಿ ಹಾಕ್ತೀನಿ. ಉಳಿದದ್ದು ತಣ್ಣಗಾಗ್ಲಿ. ಆಮೇಲೆ ಎಷ್ಟು ಗಾಳಿ ತುಂಬಿಸ್ಲಿ, ಹೇಳಿ."