ವತ್ಫಾ ಖಾಲಾಳ ತುಪ್ಪದ ತಗಡು

ವತ್ಫಾ ಖಾಲಾ ಕಾರು ಓಡಿಸಲು ಕಲಿತದ್ದು ಗಂಡ ತೀರಿಕೊಂಡ ವರ್ಷ, ನಲವತ್ತೊಂದನೇ ವಯಸ್ಸಿನಲ್ಲಿ. ತಗಡು ಕತ್ತರಿಸಲು ಕಲಿತದ್ದು ಏಳರಲ್ಲಿ, ಕಣಿವೆಯ ದೇರ್ ಅಲ್ಲಾ ಊರಿನ ಪೇಟೆಯಲ್ಲಿ ಡಬ್ಬ ಬೆಸೆಯುತ್ತಿದ್ದ ಅಪ್ಪನ ಪಕ್ಕ ಕೂತು.

ನಾವು ನಾಲ್ವರು ಟೀಚರುಗಳು, ಮಧ್ಯಾಹ್ನದ ಪಾಳಿಯವರು. ಕಣಿವೆಯ ತಳದಿಂದ ಗುಡ್ಡದ ಮೇಲಿನ ಸಾಲ್ತ್ ಊರಿನ ಶಾಲೆಗೆ ನಾವು ಖಾಲಾ, ಅಂದರೆ ಚಿಕ್ಕಮ್ಮ, ಎಂದೇ ಕರೆಯುವ ಅವಳ ಇಪ್ಪತ್ತು ವರ್ಷದ ಬಿಳಿ ಕಾರಿನಲ್ಲೇ ಹೋಗುತ್ತಿದ್ದೆವು. ಅವಳ ಸಂಸಾರ ನಡೆಯುತ್ತಿದ್ದದ್ದೇ ನಾವು ಕೊಡುವ ಬಾಡಿಗೆಯಿಂದ. ಆದರೆ ಮೇ ತಿಂಗಳು ಬಂತೆಂದರೆ ಅರ್ದಾ ಎಂಬ ಗುಡ್ಡದ ಏರುದಾರಿಯ ನಡುವೆ ಇಂಜಿನ್ ಏದುಸಿರು ಬಿಡುತ್ತಿತ್ತು. ಖಾಲಾ ಮೊದಲು ಎ.ಸಿ. ಆರಿಸುವಳು. ಅದೂ ಸಾಲದಿದ್ದರೆ ಇಬ್ಬರು ಇಳಿದು ಕಡಿದಾದ ತಿರುವು ದಾಟುವ ತನಕ ನಡೆಯಬೇಕು. ಐದು ತಿಂಗಳ ಕೂಸನ್ನು ಅತ್ತೆಯ ಕೈಗಿಟ್ಟು ಬಂದ ನಾನು, ಈ ಕಾರು ಇಲ್ಲೇ ಕೆಟ್ಟು ನಿಂತರೆ ಏನು ಗತಿ ಎಂದು ದಿನವೂ ಲೆಕ್ಕ ಹಾಕುತ್ತಿದ್ದೆ.

ಒಂದು ಗುರುವಾರ ಲೆಕ್ಕದ ಟೀಚರ್ ಸೌಸನ್ ಹೊಸ ಚಪ್ಪಲಿಯಲ್ಲಿ ಆ ಏರು ನಡೆದಳು.

"ಖಾಲಾ, ಬೇಜಾರ್ ಮಾಡ್ಕೋಬೇಡ. ನಾವು ಕಾರೊಳಗೆ ಕೂರೋಕೆ ಬರೋದು, ಅದರ ಹಿಂದೆ ಮೆರವಣಿಗೆ ಹೋಗೋಕಲ್ಲ. ಶುಕ್ರ-ಶನಿ ರಜೆ ಕಳೀಲಿ, ಭಾನುವಾರ ಒಂದು ದಿನ ನೋಡ್ತೀವಿ. ಮತ್ತೆ ಇಳಿಸಿದ್ರೆ ನಾವೆಲ್ಲ ಇದೇ ದಾರೀಲಿ ಓಡೋ ಖಲಫ್‌ನ ಮಿನಿಬಸ್ಸಿಗೆ."

"ಇಳಿಸಲ್ಲ," ಎಂದಳು ಖಾಲಾ. ಅಷ್ಟೇ.

ಶುಕ್ರವಾರ ಕೂಸನ್ನೆತ್ತಿಕೊಂಡು ಅವಳ ಅಂಗಳಕ್ಕೆ ಹೋದಾಗ ಅವಳು ಬಾನೆಟ್‌ನೊಳಗೆ ಅರ್ಧ ಮುಳುಗಿದ್ದಳು.

"ಇದರ ಮೂಗು ಎಲ್ಲಿದೆ ನೋಡೇ. ಸರಿಯಾಗಿ ಒಲೆ ಮೇಲೆ! ಬೆಂಕಿಗಾಳಿ ಕುಡ್ಕೊಂಡು ಯಾರು ಗುಡ್ಡ ಹತ್ತುತ್ತಾರೆ?"

ಅವಳು ಗಾಳಿ ಸೋಸುವ ಪೆಟ್ಟಿಗೆಗೆ ಬಚ್ಚಲಿನ ಪ್ಲಾಸ್ಟಿಕ್ ಕೊಳವೆ ಜೋಡಿಸಿ, ಹೆಡ್‌ಲೈಟಿನ ಹಿಂದಿನಿಂದ ಮುಂದಿನ ಜಾಲರಿಗೆ ಎಳೆದಿದ್ದಳು. ಇನ್ನು ಮೇಲೆ ಹೊರಗಿನ ಗಾಳಿ. ಕಾದ ಹೊಗೆಕೊಳವೆಗೂ ಪೆಟ್ಟಿಗೆಗೂ ನಡುವೆ ಗೋಡೆ ಬೇಕಿತ್ತು. ತುಪ್ಪದ ಎರಡು ದೊಡ್ಡ ಖಾಲಿ ತಗಡಿನ ಡಬ್ಬ ಕತ್ತರಿಸಿ ಬಿಚ್ಚಿ, ಬೆರಳಗಲ ಸಂದು ಬಿಟ್ಟು ಎರಡು ಪದರ ಮಾಡಿ, ಅಪ್ಪನ ಮರದ ಸುತ್ತಿಗೆಯಿಂದ ಅಂಚು ಮಡಿಸಿದಳು. ಅಂಚಿಗೆ ಹಳೆಯ ಫ್ರಿಜ್ ಬಾಗಿಲಿನ ರಬ್ಬರು. ಎರಡು ಸಲ ಬಾನೆಟ್ ಮುಚ್ಚಲಿಲ್ಲ. ಮೂರನೆಯ ಸಲ ಠಪ್ ಎಂದು ಕೂತಿತು.

ಮೊದಲ ದಿಬ್ಬದ ತನಕ ಓಡಿಸಿ ಬಂದು, ಪೆಟ್ಟಿಗೆಯ ಮೇಲೆ ಅಂಗೈ ಹಿಂಬದಿ ಇಟ್ಟಳು. "ನಿನ್ನೆ ಮೂರು ಎಣಿಸೋದ್ರೊಳಗೆ ಕೈ ತೆಗೀಬೇಕಿತ್ತು. ಈಗ ಎಣಿಸು." ನಾನು ನಲವತ್ತು ಎಣಿಸುವಷ್ಟರಲ್ಲಿ ಅವಳು ಆಕಳಿಸಿದಳು.

"ಬೆಂಕಿ ಹತ್ಕೊಂಡ್ರೆ ಖಾಲಾ?"

"ತಗಡಿಗೆ ಬೆಂಕಿ ಹತ್ತಿದ್ದು ಎಲ್ಲಿ ನೋಡ್ದೆ, ನೀನು ಓದಿದ ಅಮ್ಮಾನ್ ಕಾಲೇಜಿನಲ್ಲಾ?"

ಭಾನುವಾರ ಹನ್ನೊಂದಕ್ಕೆ ಏರು ಶುರುವಾಯಿತು. ಅರ್ಧ ಹತ್ತಿರಬೇಕು, ಘಮ್ಮೆಂದು ತುಪ್ಪದ ವಾಸನೆ.

"ಯಾರೋ ತುಪ್ಪ ಸುರಿದು ಕುನಾಫಾ ಮಿಠಾಯಿ ಮಾಡ್ತಿದ್ದಾರೆ," ಎಂದಳು ಸೌಸನ್, ಮೂಗೆತ್ತಿ.

ಬಾನೆಟ್ಟಿನ ಅಂಚಿನಿಂದ ಬಿಳಿಯ ಎಳೆಯೊಂದು ಎದ್ದಿತು. ನಾನು ಕಿರುಚಿದೆ: "ನಿಲ್ಸು! ಮನೇಲಿ ನನ್ನ ಕೂಸಿದೆ!"

"ಸುಮ್ನಿರೇ. ಡಬ್ಬದ ತಗಡಿನ ಹಳೇ ಮಡಿಕೇಲಿ ತುಪ್ಪ ಉಳಿದಿತ್ತು, ಅದು ಕಾಯ್ತಿದೆ. ಮೂರು ನೀರಲ್ಲಿ ತೊಳೆದ್ರೂ ಹೋಗಿಲ್ಲ ಹಾಳಾದ್ದು. ಆ ಕಲ್ಲಿನ ತನಕ ನೋಡ್ತೀನಿ, ಜಾಸ್ತಿಯಾದ್ರೆ ನಾನೇ ನಿಲ್ಲಿಸ್ತೀನಿ."

ಕಣ್ಣು ಮಿಟುಕಿಸದೆ ನೋಡುತ್ತಿದ್ದೆ. ಎಳೆ ತೆಳುವಾಯಿತು. ಕಲ್ಲು ಬರುವ ಮೊದಲೇ ಇಲ್ಲವಾಯಿತು.

ನಾವು ಇಳಿದು ನಡೆಯಬೇಕಾಗುತ್ತಿದ್ದ ತಿರುವು ಬಂತು. ರೂಢಿಯಂತೆ ಸೌಸನ್‌ಳ ಕೈ ಬಾಗಿಲ ಹಿಡಿಗೆ ಹೋಗಿತ್ತು. ಖಾಲಾ ಎರಡನೆಯ ಗೇರಿನಲ್ಲೇ ತಿರುಗಿಸಿದಳು. ಕಾರು ಗುರ್ರೆಂದು ಎದೆಯೆತ್ತಿ ಹತ್ತಿತು, ಎ.ಸಿ. ನಮ್ಮ ಮುಖಕ್ಕೆ ತಣ್ಣಗೆ ಊದುತ್ತಲೇ ಇತ್ತು! ಮೇಲೆ ನಲ್ಲಿಯ ಹತ್ತಿರ ಖಲಫ್‌ನ ಮಿನಿಬಸ್ಸು ಕಾದು, ಬಾನೆಟ್ಟಿನ ಬಾಯಿ ತೆರೆದು ನಿಂತಿತ್ತು.

"ಒಳಗೇನು ಕರೀತಿದ್ದೀಯ ಖಾಲಾ? ನಮಗೂ ಒಂದು ತಟ್ಟೆ!" ತುಪ್ಪದ ವಾಸನೆ ಹಿಡಿದು ಖಲಫ್ ಕೂಗಿದ.

"ಮೊದಲು ನಿನ್ನ ಬಸ್ಸಿಗೆ ನೀರು ಕುಡಿಸೋ! ಊಟ ಆಮೇಲೆ!"

ಹಾಗೆಂದು ಮದುವೆ ದಿಬ್ಬಣದ ತಾಳದಲ್ಲಿ ಹಾರನ್ ಒತ್ತಿದಳು. ಹಿಂದಿನ ಸೀಟಿನವರು ನಾಲಗೆ ಕುಣಿಸಿ ಕೇಕೆ ಹಾಕಿದರು. ಅಂಥ ಕೇಕೆ ನನ್ನ ಗಂಟಲಿನಿಂದಲೂ ಬರುತ್ತದೆಂದು ನನಗೆ ಗೊತ್ತಿರಲಿಲ್ಲ.

ಶಾಲೆಯ ಗೇಟಿಗೆ ಹನ್ನೊಂದು ನಿಮಿಷ ಮೊದಲೇ ತಲುಪಿದೆವು. ಸೌಸನ್ ತಪ್ಪಾಯಿತು ಅನ್ನಲಿಲ್ಲ. ಇಳಿದು, ಕಿಟಕಿಗೆ ಬಗ್ಗಿ, ನಮಗೆಲ್ಲ ಕೇಳುವಂತೆ ಹೇಳಿದಳು:

"ನಾಳೆಯಿಂದ ಮುಂದಿನ ಸೀಟು ನಂದು ಖಾಲಾ. ಬೇರೆಯವರಿಗೆ ಕೊಟ್ಟೀಯ, ಹುಷಾರ್!"